ಕಾಟಾದ ಇಳಿಜಾರು

ಬೆಳಿಗ್ಗೆ ಎಮ್ಮೆ ಹಿಂಡಿದೆ, ಬಟ್ಟೆ ಒಣಹಾಕಿದೆ, ಅತ್ತೆಯವರ ತಲೆ ಬಾಚಿದೆ. ಮೂರು ಗಂಟೆಗೆ ಗದಗಿನಲ್ಲಿ ಅವರ ಕಣ್ಣಿನ ಆಪರೇಷನ್. ತಡವಾದರೆ ಡಾಕ್ಟರು ಹೊರಟುಬಿಡುತ್ತಾರೆ.

ಬ್ಯಾಟರಿ ಸೋತಿದೆಯೆಂದು ಗೊತ್ತಿದ್ದೂ ನಮ್ಮ ಮನೆಯವರು ಅಬ್ಬಿಗೇರಿಯಲ್ಲಿ ಚಹಾಕ್ಕೆ ನಿಂತಾಗ ಮರೆತು ಕಾರು ಬಂದ್ ಮಾಡಿದರು. ಮತ್ತೆ ಚಾವಿ ತಿರುಗಿಸಿದರೆ ಬರೀ ಟಕ್ ಟಕ್. ಆಗಲೇ ಎರಡಾಗಿತ್ತು. ಸಪಾಟು ರಸ್ತೆಯಲ್ಲಿ ಎಷ್ಟು ನೂಕಿದರೂ ವೇಗ ಬರಲಿಲ್ಲ.

ಎದುರಿಗೆ ಟ್ರ್ಯಾಕ್ಟರ್ ತೂಗುವ ಎತ್ತರದ ಕಾಟಾ. ಅಲ್ಲಿಯವನು ಕೂಗಿದ: "ಕಾಟಾದ ಮ್ಯಾಲ ಏರಸ್ರಿ! ಈ ಸಪಾಟ ಎರಿಭೂಮ್ಯಾಗ ಇಳಿಜಾರಂದ್ರ ಇದೊಂದ ಐತ್ರಿ."

ಚಹಾದಂಗಡಿಯವರೂ ಸೇರಿ ಎಲ್ಲರೂ ಏರಿಸಿದೆವು. ಒಳಗಿಂದ ಅತ್ತೆ, "ನನ್ನ ತೂಕ ಯಾರಿಗೂ ಹೇಳಬ್ಯಾಡೋ ತಮ್ಮಾ!" ಎಂದರು. ನಗಲು ಯಾರಿಗೂ ಉಸಿರಿರಲಿಲ್ಲ. ಆಚೆ ಬದಿಗೆ ನೂಕಿಬಿಟ್ಟೆವು; ಇಳಿಜಾರು ಮುಗಿಯುವಷ್ಟರಲ್ಲಿ ಎಂಜಿನ್ ಕೆಮ್ಮಿ ಚಾಲೂ ಆಯಿತು.

ಸಂಜೆ ದವಾಖಾನೆಯ ಕಟ್ಟೆಯ ಮೇಲೆ ಗಿರಮಿಟ್ ತಿಂದೆವು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅತ್ತೆ ಇನ್ನೂ ಮಾತಾಡುತ್ತಿದ್ದರು. ಮನೆಯವರೇ ಮೊದಲು ನಿದ್ದೆಹೋದರು.