ದೊಡ್ಡಮ್ಮ ಆರಿಸಿದ ಮರಿ

ಇವತ್ತು ಕಾರ್ಕಳದ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ನಾಯಿಮರಿಯೊಂದು ಮೂತಿ ಹೊರಹಾಕಿತು. ಹಾಲು, ಬೈಹುಲ್ಲು ಬೆರೆತ ಅದರ ವಾಸನೆ ನನ್ನನ್ನು ನೇರವಾಗಿ ದೊಡ್ಡಮ್ಮನ ದನದ ಹಟ್ಟಿಗೆ ಕರೆದೊಯ್ದಿತು.

ಗುಡ್ಡದಲ್ಲಿ ಮೇಯುತ್ತಿದ್ದ ಕರುವನ್ನು ಚಿರತೆ ಹೊತ್ತೊಯ್ದ ಮೇಲೆ, ದನಗಳ ಜೊತೆ ಹೋಗಲು ಒಂದು ನಾಯಿ ಬೇಕೆಂದು ದೊಡ್ಡಮ್ಮ ನನ್ನನ್ನು ಕರೆದುಕೊಂಡು ಹೊಳೆಯಾಚೆಯ ಲೀನಾ ಬಾಯಿಯ ಮನೆಗೆ ಹೋದರು. ಅವರ ನಾಯಿ ಮರಿ ಹಾಕಿತ್ತು. ನಾನು ಬಿಳಿಯ ಮರಿಯೊಂದನ್ನು ಎತ್ತಿಕೊಂಡೆ.

"ಚಂದ ನೋಡುವುದಲ್ಲ ಮಗಾ," ಎಂದ ದೊಡ್ಡಮ್ಮ ಹಳೆಯ ತಟ್ಟೆಯೊಂದನ್ನು ಅಂಗಳಕ್ಕೆ ಎಸೆದರು. ಸದ್ದಿಗೆ ಮರಿಗಳೆಲ್ಲ ಚೆದುರಿ ಓಡಿದವು. ಕಂದು ಮರಿಯೊಂದು ಮಾತ್ರ ತಿರುಗಿ ಬಂದು ತಟ್ಟೆಯನ್ನು ಮೂಸಿತು.

"ಇದಕ್ಕೆ ಧೈರ್ಯ ಉಂಟು. ಇದೇ ಆಗಬಹುದು."

ಬೊಗ್ಗ ಎಂದು ಹೆಸರಿಟ್ಟೆವು. ಬೆಳೆದ ಮೇಲೆ ಅದು ಹಿಂದುಳಿದ ಹಸುಗಳನ್ನು ಬೊಗಳಿ ಎಬ್ಬಿಸಿ, ಸಂಜೆಗೆ ಎಲ್ಲವನ್ನೂ ಹಟ್ಟಿಗೆ ಮುಟ್ಟಿಸುತ್ತಿತ್ತು. ಒಂದು ಸಂಜೆ ದನಗಳು ಬೆದರಿ ಓಡಿ ಬಂದವು. ಬೊಗ್ಗ ಬರಲಿಲ್ಲ. ಮರುದಿನ ಗುಡ್ಡದ ಪೊದೆಯೊಂದರ ಬಳಿ ರಕ್ತದ ಕಲೆ ಮಾತ್ರ ಕಂಡಿತು.

ದೊಡ್ಡಮ್ಮ ಅಳಲಿಲ್ಲ. ಲೀನಾ ಬಾಯಿಯ ಮನೆಗೆ ನಡೆದರು.

"ಧೈರ್ಯದ ಮರಿಯನ್ನೇ ಹುಡುಕಿ ಕೊಂಡುಹೋದೆ ಬಾಯಿ. ಹೆದರುವ ಮರಿಯಾಗಿದ್ದರೆ ಓಡಿ ಬಂದು ಬದುಕುತ್ತಿತ್ತು, ಅಲ್ವಾ?"

"ಹಾಗೆಲ್ಲ ಹೇಳಬೇಡಿ ಅಕ್ಕ," ಎಂದರು ಲೀನಾ ಬಾಯಿ.

ಅಷ್ಟರಲ್ಲಿ ತಾಯಿನಾಯಿ ಬಂದು ದೊಡ್ಡಮ್ಮನ ಸೀರೆಯ ಅಂಚನ್ನು ಬಹಳ ಹೊತ್ತು ಮೂಸುತ್ತಾ ನಿಂತಿತು. ಆಗ ದೊಡ್ಡಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತರು.

"ಎಂತ ಆಯ್ತು ನಿಮಗೆ?" ಬಸ್ಸಿನ ಹೆಂಗಸು ನನ್ನ ಮುಖ ನೋಡಿ ಕೇಳಿದರು.

"ಎಂತ ಇಲ್ಲ," ಎಂದು ಮರಿಯ ತಲೆ ಸವರಿದೆ.