ಬಲಗಡೆಯಿಂದ ಶುರುವಾಗುವ ಪುಸ್ತಕ

ಗದ್ವಾಲದ ಕಚೇರಿಯೊಂದರಲ್ಲಿ ಹಳೆಯ ಜಮೀನು ದಾಖಲೆ ಸ್ಕ್ಯಾನ್ ಮಾಡುವ ಗುತ್ತಿಗೆ ಕೆಲಸಕ್ಕೆ ನಾನು ಸೇರಿದಾಗ ಮೇಜಿನ ಮೇಲಿದ್ದದ್ದು ಗಾಜಿನ ಸ್ಕ್ಯಾನರು. ಮುಚ್ಚಳ ಎತ್ತಿ, ಹಾಳೆ ಬೋರಲು ಇಟ್ಟು, ಬೆಳಕು ಈ ತುದಿಯಿಂದ ಆ ತುದಿಗೆ ತೆವಳುವವರೆಗೆ ಕಾಯಬೇಕು. ಆಮೇಲೆ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಯಂತ್ರ ಬಂತು. ಹೊಸ ಕಾಗದಕ್ಕೆ ಅದು ಸರಿ. ನಿಜಾಮರ ಕಾಲದ ಹಾಳೆ ಕೊಟ್ಟರೆ ಹರಿದು ಉಗುಳುತ್ತಿತ್ತು. ಕೊನೆಗೆ ಬಂದದ್ದು ಮೇಲಿನಿಂದ ಫೋಟೊ ತೆಗೆಯುವಂಥದು. ಹೊಲಿಗೆ ಬಿಚ್ಚದೆ ರಿಜಿಸ್ಟರನ್ನು ಅದರ ಕೆಳಗೆ ಬಿಡಿಸಿಟ್ಟು ಪುಟ ಮಗುಚುತ್ತ ಹೋದರಾಯಿತು. ಒಂದೇ ತಿಂಗಳಲ್ಲಿ ಹನ್ನೊಂದು ಉರ್ದು ರಿಜಿಸ್ಟರು ಮುಗಿಸಿದೆ. ಅದರಲ್ಲಿ ಒಂದಕ್ಷರವೂ ನನಗೆ ಬರುತ್ತಿರಲಿಲ್ಲ. ಓದುವುದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಮಕ್ತಲದಿಂದ ನಿವೃತ್ತ ಮಾಸ್ತರರೊಬ್ಬರು ಬಂದರು. ಎಂಬತ್ತು ದಾಟಿದವರು, ಚಿಕ್ಕಂದಿನಲ್ಲಿ ಉರ್ದುವಿನಲ್ಲೇ ಕಲಿತವರು. ಕೆ.ಟಿ. ದೊಡ್ಡಿ ಕಡೆಯ ಹೊಲದ ಬಗ್ಗೆ ಅವರ ತಾಯಿ ಹಿಂದೆ ಕೊಟ್ಟಿದ್ದ ಬಯಾನು, ಅಂದರೆ ಹೇಳಿಕೆ, ಅವರಿಗೆ ನೋಡಬೇಕಿತ್ತು. ಯಾವ ರಿಜಿಸ್ಟರಿನಲ್ಲಿದೆಯೋ ತಿಳಿಯದು.

“ಮೊದಲನೇ ಪುಟ ತೆಗಿಯವ್ವ. ಅಲ್ಲಿ ಪಟ್ಟಿ ಇರ್ತೈತಿ,” ಎಂದರು.

ಕಂಪ್ಯೂಟರಿನಲ್ಲಿ ಒಂದು ರಿಜಿಸ್ಟರಿನ ಮೊದಲ ಚಿತ್ರ ತೆರೆದೆ. ಅವರು ಕನ್ನಡಕ ಸರಿಮಾಡಿಕೊಂಡರು. “ಇದು ಕಡೀ ಪುಟ ಐತಿ. ಉರ್ದು ಬುಕ್ಕು ಬಲಗಡಿಂದ ಶುರು ಆಗ್ತೈತಿ. ನೀ ಹಿಂದಿಂದ ತಗೋಂತ ಬಂದಿ.”

ಇನ್ನೊಂದು ರಿಜಿಸ್ಟರಿನದು ತೋರಿಸಿದೆ. “ಇದು ತಲಿಕೆಳಗ ಐತಿ.”

“ಹನ್ನೊಂದೂ ಬುಕ್ಕು ಹಿಂಗ ಮಾಡೀನ್ರಿ ಮಾಸ್ತರ. ನನ್ನ ಕೆಲಸ ಹೋಗ್ತೈತ್ರಿ.”

“ನಾ ಯಾರ ಮುಂದೂ ಹೇಳಂಗಿಲ್ಲ. ಆದರ ನೀನ ಹೋಗಿ ಸಾಹೇಬರಿಗೆ ಹೇಳು. ಮುಚ್ಚಿಟ್ಟರ ಇನ್ನೊಬ್ಬರು ತಮ್ಮ ಪುಟ ಸಿಗಲಾರದ ಹೊಳ್ಳಿ ಹೋಗ್ತಾರ.”

ಹೋಗಿ ಹೇಳಿದೆ. ನಮ್ಮ ಕಚೇರಿಯ ಸಾಹೇಬರು, “ಎಲ್ಲಾ ಸರಿ ಮಾಡಿ ತೋರಸ್ರಿ,” ಎಂದರು. ಕ್ರಮ ತಿರುಗಿಸುವುದು ಕಂಪ್ಯೂಟರಿಗೆ ಗಳಿಗೆಯ ಕೆಲಸ. ತಲೆಕೆಳಗಾದ, ಬಿಟ್ಟುಹೋದ ಪುಟಗಳನ್ನು ಗುರುತಿಸಲು ಓದಬಲ್ಲವರು ಬೇಕಿತ್ತು. ಮಾಸ್ತರರು ಮರುದಿನ ತಾವಾಗಿಯೇ ಬಸ್ಸು ಹತ್ತಿ ಬಂದರು. ಎರಡು ವಾರ ನನ್ನ ಪಕ್ಕ ಕೂತರು. ಹಳೆಯ ಲಕೋಟೆಯ ಬೆನ್ನಿಗೆ ಉರ್ದು ಅಂಕಿ ಬರೆದು ಕಲಿಸಿದರು. “ಸೊನ್ನಿ ಅಂದರ ಬರೇ ಚುಕ್ಕಿ ನೋಡು. ನೊಣದ ಕಲಿ ಅಂತ ಬಿಡಬ್ಯಾಡ.”

ಎಂಟನೆಯ ದಿನ ಅವರ ತಾಯಿಯ ಪುಟ ಸಿಕ್ಕಿತು. ನಾಲ್ಕೇ ಸಾಲು: ಗಂಡ ತೀರಿದ ಮೇಲೆ ಹೊಲ ನಾನೇ ಮಾಡುತ್ತಿದ್ದೇನೆ, ಮಗ ಇನ್ನೂ ಚಿಕ್ಕವನು. ಅವರು ನಿಧಾನವಾಗಿ ಓದಿ ಕನ್ನಡದಲ್ಲಿ ಹೇಳಿದರು. ಕೆಳಗೆ ಒಂದು ಕಪ್ಪು ಮುದ್ದೆಯಿತ್ತು.

“ಇದೇನ್ರಿ?”

“ಅಕಿ ಹೆಬ್ಬಟ್ಟು ಇರಬೇಕು.”

ಫೈಲು ಹಗುರವಾಗಲೆಂದು ನಾನು ಎಲ್ಲವನ್ನೂ ಕಪ್ಪುಬಿಳುಪಿನಲ್ಲಿ ತೆಗೆದಿದ್ದೆ. ರಿಜಿಸ್ಟರು ತರಿಸಿ ಆ ಪುಟವನ್ನು ಬಣ್ಣದಲ್ಲಿ ಇನ್ನೊಮ್ಮೆ ತೆಗೆದು ಹಿಗ್ಗಿಸಿದೆ. ನೀಲಿ ಶಾಯಿಯಲ್ಲಿ ಬೆರಳಿನ ಗೆರೆಗಳು ಒಂದೊಂದೂ ಕಂಡವು. ಅವುಗಳ ನಡುವೆ ಅಡ್ಡಲಾಗಿ ಗಾಯದ ಬಿಳಿ ಗೀರು.

“ಕುಡಗೋಲು ಬಡದಿತ್ತು. ನಾನ ಅರಿಷಿಣ ಹಚ್ಚಿದ್ದೆ,” ಎಂದರು. ಪರದೆಯ ಮೇಲಿನ ಗೀರಿಗೆ ಬೆರಳಿಟ್ಟು, “ಅಕಿದು ಒಂದು ಫೋಟೋನೂ ಇಲ್ಲವ್ವ ನಮ್ಮನ್ಯಾಗ.”

ಸಂಜೆ ಅವರು ಆ ಪುಟದ ಬಣ್ಣದ ನಕಲನ್ನು ಮಡಚದೆ, ಎರಡು ರಟ್ಟುಗಳ ನಡುವೆ ಇಟ್ಟುಕೊಂಡು ಬಸ್ಸಿಗೆ ಹೋದರು.

ಹೆಬ್ಬೆಟ್ಟಿರುವ ಪುಟಗಳನ್ನೆಲ್ಲ ಬಣ್ಣದಲ್ಲಿ ತೆಗೆಯಲೇ ಎಂದು ಸಾಹೇಬರನ್ನು ಕೇಳಿದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೊದಲು ಗೊಣಗಿದರು. ಪಕ್ಕಪಕ್ಕದಲ್ಲಿ ಆ ಹೆಬ್ಬೆಟ್ಟಿನ ಎರಡೂ ಚಿತ್ರಗಳನ್ನು ತೋರಿಸಿದ ಮೇಲೆ ಒಪ್ಪಿಕೊಂಡರು.