ಬೇಡ ಎನ್ನುವವರ ಒಕ್ಕೂಟ

ಮುಂಬಯಿ ಹೊರವಲಯದ ಡೊಂಬಿವಲಿಯ ನಮ್ಮ ಮನೆಯಲ್ಲಿ ಬೆಳಗಿನ ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಚಿಂತಿಸದ ನಾನು, ಯುರೋಪಿನ ದೇಶಗಳ ಒಕ್ಕೂಟಕ್ಕೆ ಬಂದೊದಗಿದ ದುರ್ದಿನಗಳನ್ನು ಪತ್ರಿಕೆಯಲ್ಲಿ ಓದಿ ನಿತ್ಯವೂ ಕಳವಳಗೊಳ್ಳುತ್ತೇನೆ. ಸಾಗರದಾಚೆಯ ಹಳೆಯ ಮಿತ್ರ ಮುಖ ತಿರುಗಿಸಿದ್ದಾನೆ, ಬಾಗಿಲಲ್ಲೇ ಯುದ್ಧ ನಿಂತಿದೆ, ಒಳಗಿನವರು ಒಬ್ಬರ ಮಾತು ಒಬ್ಬರು ಕೇಳುವುದಿಲ್ಲ. ಇಂಥವರಿಗೆ ಇನ್ನು ಯಾರು ಸೊಪ್ಪು ಹಾಕುತ್ತಾರೆ ಎಂದು ವಿಶ್ಲೇಷಕರು ಕೇಳಿದರೆ, ನಿವೃತ್ತ ಗುಮಾಸ್ತನಾದ ನನಗೂ ಹೌದಲ್ಲವೇ ಎನಿಸುತ್ತದೆ. ನಲ್ಲಿಯಲ್ಲಿ ನೀರು ಬಂತೇ ನೋಡಿ ಎಂದು ಮನೆಯಾಕೆ ಕೂಗುವವರೆಗೂ ಅಂತರರಾಷ್ಟ್ರೀಯ ರಾಜಕಾರಣ ನನ್ನ ಅಧೀನದಲ್ಲಿರುತ್ತದೆ.

ಸೊಪ್ಪು ಹಾಕುವವರನ್ನು ನಾನು ಕಂಡದ್ದು ನವಿ ಮುಂಬಯಿಯ ತುರ್ಭೆಯಲ್ಲಿ. ಕುಂದಾಪುರ ಕಡೆಯ ನನ್ನ ಸ್ನೇಹಿತ ಸದಾನಂದ ಅಲ್ಲಿ ಬ್ಯಾಡಗಿ ಮೆಣಸಿನ ಪುಡಿ ಮಾಡಿ ಹೊರದೇಶಕ್ಕೆ ಕಳಿಸುತ್ತಾನೆ. ಹೋದ ವರ್ಷ ಅವನ ಒಂದು ಕಂಟೇನರ್ ಯುರೋಪಿನ ಬಂದರಿನಿಂದ ಹಾಗೆಯೇ ಹಿಂದಕ್ಕೆ ಬಂತು. ಗಿಡಕ್ಕೆ ಹೊಡೆದ ಔಷಧದ ಅಂಶ ಪುಡಿಯಲ್ಲಿ ಅವರ ಮಿತಿಗಿಂತ ಹೆಚ್ಚಿತ್ತಂತೆ. ಸೈನ್ಯ ಬರಲಿಲ್ಲ, ಬೆದರಿಕೆ ಬರಲಿಲ್ಲ, ಬರಿಯ ಒಂದು ‘ಬೇಡ’ ಬಂತು. ಅಷ್ಟಕ್ಕೇ ಯಂತ್ರ ನಿಂತಿತು. ತೊಟ್ಟು ಬಿಡಿಸುವ ಹೆಂಗಸರನ್ನು ಮನೆಗೆ ಕಳಿಸಲಾಯಿತು. ಯಾವುದರಲ್ಲೂ ಒಮ್ಮತವಿಲ್ಲದ ಆ ದೇಶಗಳು ತಮ್ಮ ಮಕ್ಕಳ ಬಾಯಿಗೆ ಏನು ಹೋಗಬಾರದು ಎಂಬುದರಲ್ಲಿ ಮಾತ್ರ ಒಂದಾಗಿವೆ. ಅವರ ಬಲವೆಲ್ಲ ಅಲ್ಲಿಯೇ ಇದೆ ಎಂದು ನನಗೆ ಆಗ ಹೊಳೆಯಿತು.

ನಮ್ಮ ಕನ್ನಡ ಸಂಘವೂ ಒಂದು ಒಕ್ಕೂಟವೇ. ಕರಾವಳಿಯವರಿಗೂ ಉತ್ತರ ಕರ್ನಾಟಕದವರಿಗೂ ನವರಾತ್ರಿಯ ಊಟದ ಸಾರಿಗೆ ಬೆಲ್ಲ ಹಾಕಬೇಕೇ ಎಂಬಲ್ಲಿ ಹುಟ್ಟುವ ಕಲಹ ಪ್ರತಿವರ್ಷ ಅಧ್ಯಕ್ಷರ ರಾಜೀನಾಮೆಯವರೆಗೆ ಬೆಳೆಯುತ್ತದೆ. ಸಂಘದ ಸಭೆಯಲ್ಲಿ ಸದಾನಂದ, ವಾಪಸ್ ಬಂದ ಪುಡಿಯ ಒಂದಷ್ಟು ಮೂಟೆಗಳನ್ನು ಊಟಕ್ಕೆ ಕೊಡುತ್ತೇನೆಂದ. ವಿಷಯವನ್ನು ಮುಚ್ಚಿಡಲೂ ಇಲ್ಲ.

“ಅವರದ್ದು ನಾಜೂಕು ಹೊಟ್ಟೆ ಮಾರಾಯ್ರೆ. ನಮಗೆ ಎಂತದೂ ಆಗುದಿಲ್ಲ.”

ಬಹುಕಾಲದಿಂದ ಸಂಘಕ್ಕೆ ಅಡುಗೆ ಮಾಡುತ್ತಿದ್ದ ಹಾವೇರಿಯ ಗಿರಿಜಕ್ಕ ಎದ್ದು ನಿಂತರು. “ಅವರ ಹುಡುಗರಿಗೆ ಆಗದ್ದು ನಮ್ಮ ಹುಡುಗರಿಗೆ ಹೆಂಗ ಆಗತೈತ್ರೀ ಅಣ್ಣಾರ? ನಾ ಅಂತೂ ಇದನ್ನ ಮುಟ್ಟಂಗಿಲ್ಲ.”

“ಫುಕಟ್ ಬಂದದ್ದು ಬಿಡೂದ್ಯಾಕ್ರೀ?” ಎಂದರು ಧಾರವಾಡದ ಖಜಾಂಚಿ.

ಸಂಘ ಹುಟ್ಟಿದಂದಿನಿಂದ ಮೊದಲ ಬಾರಿಗೆ ಎರಡೂ ಕಡೆಯವರು ಪುಡಿ ಬೇಕೆಂದು ಒಟ್ಟಿಗೆ ಕೈ ಎತ್ತಿದರು. ನನಗೆ ಪುಡಿಯ ಹೆದರಿಕೆಯಿತ್ತು; ಅಪರೂಪದ ಒಮ್ಮತ ಕೆಡಿಸಿದವನೆನಿಸಿಕೊಳ್ಳುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿ ನನ್ನ ಕೈಯೂ ಮೇಲೆದ್ದಿತು. ಗಿರಿಜಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಉಳಿದ ಪುಡಿ ಪಕ್ಕದ ಕಲ್ಯಾಣ, ಶಹಾಡಿನ ಅಂಗಡಿಗಳಲ್ಲಿ ಖರ್ಚಾಯಿತು. ಸದಾನಂದನ ಕಾರ್ಖಾನೆ ಉಳಿಯಿತು, ಹೆಂಗಸರು ಕೆಲಸಕ್ಕೆ ಮರಳಿದರು, ಮತ್ತು ಇದನ್ನು ತಪ್ಪೆನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಈಗಲೂ ಪತ್ರಿಕೆ ಓದುತ್ತೇನೆ. ಯುರೋಪಿನವರ ಬಗ್ಗೆ ಕನಿಕರಪಡುವುದನ್ನು ಬಿಟ್ಟಿದ್ದೇನೆ. ನವರಾತ್ರಿಯ ಊಟದ ದಿನ ಸಾರಿಗೆ ಒಳ್ಳೆಯ ಕೆಂಪು ಬಂದಿತ್ತು, ಖಾರ ಕಡಿಮೆಯಿತ್ತು. ಮಕ್ಕಳ ಪಂಕ್ತಿಗೆ ಬಡಿಸುವವನು ನಾನು. ಕನ್ನಡ ತಿಳಿದರೂ ಮರಾಠಿಯಲ್ಲೇ ಉತ್ತರಿಸುವ ನನ್ನ ಮೊಮ್ಮಗಳು ಬಟ್ಟಲು ಮುಂದೊಡ್ಡಿ, “ಆಜೋಬಾ, ಅಜೂನ್” ಎಂದಳು, ಇನ್ನೂ ಬೇಕಂತೆ. ಸಾಕು ಮಗಳೇ ಎನ್ನಲು ಬಾಯಿ ತೆರೆದೆ. ಆಚೀಚಿನ ಮಕ್ಕಳ ತಾಯಂದಿರು ನನ್ನನ್ನೇ ನೋಡುತ್ತಿದ್ದರು. ಬಡಿಸಿದೆ.